ಉಪ್ಪು ಬಿಡಿ

ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಈ ವರ್ಷ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. ಹೋದ ವಾರ ಬಂದು, 'ಆಂಟಿ, ಏನಾದ್ರೂ ಟಿಪ್ಸ್ ಕೊಡಿ' ಎಂದರು. ಕಾಫಿ ಕೊಟ್ಟು ಕಳಿಸಿದೆ. ಕೊಡುವುದಕ್ಕೆ ಇರಲಿಲ್ಲವೆಂದಲ್ಲ, ಕೊಡಬೇಕಾದದ್ದು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳುವಂಥದ್ದಾಗಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ನನಗಿಂತ ಮೊದಲು ಯಾರಿಗೆ ಬಂತು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಬಿ.ಪಿ. ಏರುತ್ತದೆ.

ಮೂವತ್ತೆರಡು ವರ್ಷದ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು 'ಉಪ್ಪು ಬಿಡಿ'. ಗೌರಿಬಿದನೂರಿನಲ್ಲಿ ಹೇಳಿದೆ, ಚಿಂತಾಮಣಿಯಲ್ಲಿ ಹೇಳಿದೆ, ಶಿಡ್ಲಘಟ್ಟದಲ್ಲಿ ಹೇಳಿದೆ, ಚಿಕ್ಕಬಳ್ಳಾಪುರದಲ್ಲಿ ಹೇಳುತ್ತಲೇ ನಿವೃತ್ತಳಾದೆ. ಹೃದಯ ಸೋತು ಮೈಯಲ್ಲಿ ನೀರು ತುಂಬಿಕೊಂಡವರಿಗೆ ಉಪ್ಪು ವಿಷ. ಉಪ್ಪು ಒಳಗೆ ಹೋದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೋತ ಹೃದಯಕ್ಕೆ ಆ ನೀರನ್ನು ತಳ್ಳುವ ಶಕ್ತಿ ಇರುವುದಿಲ್ಲ, ಅದು ಕಾಲಿಗೆ ಇಳಿಯುತ್ತದೆ, ಹೊಟ್ಟೆಗೆ ಸೇರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ. ನನ್ನ ಮಾತು ಕೇಳಿ ತಲೆಯಾಡಿಸಿ, ಮನೆಗೆ ಹೋಗಿ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದವರು ಬಹಳ ಮಂದಿ. ಅದು ಅವರ ತಪ್ಪು. ಒಬ್ಬರ ವಿಷಯದಲ್ಲಿ ಮಾತ್ರ ತಪ್ಪು ನನ್ನದು.

ಮೊದಲಿನಿಂದ ಹೇಳುತ್ತೇನೆ. ನಾನು ಸೇರಿದ್ದು ಗೌರಿಬಿದನೂರಿನ ಒಂದು ಆಸ್ಪತ್ರೆಗೆ. ಆಗ ಸಲೈನ್ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಬಾಟಲಿಯೊಳಗೆ ಗಾಳಿ ಹೋಗಲೆಂದು ಇನ್ನೊಂದು ಸೂಜಿ ಚುಚ್ಚಿಡಬೇಕಿತ್ತು. ಉಸಿರಾಡಲಾಗದೆ ಬಂದ ಹೃದಯದ ರೋಗಿಗೆ ನಮ್ಮಲ್ಲಿದ್ದ ಉಪಾಯಗಳು ಕೆಲವೇ: ಕಾಲು ಇಳಿಬಿಟ್ಟು ಕೂರಿಸುವುದು, ಆಕ್ಸಿಜನ್ ಇಡುವುದು, ನೀರಿಳಿಸುವ ಇಂಜೆಕ್ಷನ್ ಕೊಡುವುದು. ಅದೂ ಸಾಲದಿದ್ದರೆ ನಾಲ್ಕು ಕೈಕಾಲುಗಳಲ್ಲಿ ಮೂರಕ್ಕೆ ರಬ್ಬರ್ ಪಟ್ಟಿ ಬಿಗಿದು, ಕಾಲು ಗಂಟೆಗೊಮ್ಮೆ ಒಂದನ್ನು ಬಿಚ್ಚಿ ನಾಲ್ಕನೆಯದಕ್ಕೆ ಕಟ್ಟುತ್ತಿದ್ದೆವು. ಹೃದಯಕ್ಕೆ ಮರಳುವ ರಕ್ತ ಸ್ವಲ್ಪ ಕಡಿಮೆಯಾದರೆ ಅದು ಸುಧಾರಿಸಿಕೊಳ್ಳಲಿ ಎಂಬ ಲೆಕ್ಕಾಚಾರ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾನು ಗಡಿಯಾರ ನೋಡುತ್ತ ಪಟ್ಟಿ ಬದಲಿಸಿದವಳು, ನಗು ಬರುವುದಿಲ್ಲ.

ಅಲ್ಲಿ ಹೆಡ್ ಸಿಸ್ಟರ್ ಆಗಿದ್ದವರು ರೂತಮ್ಮ. ಗಂಜಿ ಹಾಕಿದ ಟೋಪಿ, ಕನ್ನಡಕದ ಮೇಲಿನಿಂದ ನೋಡುವ ಕಣ್ಣು. ಏನನ್ನೇ ಹೇಳಿದರೂ ಕೊನೆಯಲ್ಲಿ, 'ಏನಂದೆ ನಾನು? ಈಗ ನೀನು ಹೇಳು' ಎನ್ನುತ್ತಿದ್ದರು. ಅವರು ಹೇಳಿದ್ದನ್ನೇ ಹಾಗೆಯೇ ಒಪ್ಪಿಸಿದರೆ, 'ಗಿಣಿಯೂ ಹೇಳ್ತದೆ. ನಿನ್ನ ಮಾತಲ್ಲಿ ಹೇಳು' ಎನ್ನುತ್ತಿದ್ದರು. ನನಗೆ ಅದು ದೊಡ್ಡ ಕಾಟವಾಗಿ ಕಾಣುತ್ತಿತ್ತು.

ಸೇರಿ ನಾಲ್ಕು ತಿಂಗಳಾಗಿತ್ತು. ವಿದುರಾಶ್ವತ್ಥದ ಕಡೆಯ ನರಸಮ್ಮ ಎಂಬ ಅಜ್ಜಿ ವಾಂತಿಯಾಗಿ ಸುಸ್ತಾಗಿ ಬಂದಿದ್ದರು. ಹಿಂದಿನ ದಿನವೆಲ್ಲ ಅವರಿಗೆ ಸಲೈನ್ ಓಡಿತ್ತು. ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು ಅಜ್ಜಿಯ ಕಾಲು ಒತ್ತಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಮುಂದಿನ ಮಂಚಕ್ಕೆ ಹೋಗುತ್ತ ನನಗೆ ಹೇಳಿದರು: 'ಇವರಿಗೆ ಸಲೈನ್ ಬಿಡಿ ಸಿಸ್ಟರ್.' ಬಾಟಲಿ ಖಾಲಿಯಾಗುತ್ತಿತ್ತು. ನಾನು ಹೊಸದನ್ನು ತಂದು ನೇತುಹಾಕಿ ಬಿಟ್ಟೆ. ವಾರ್ಡಿನಲ್ಲಿ ಸಲೈನ್ ಬಿಡುವುದು ಎಂದರೆ ಅದೇ ಅಲ್ಲವೇ? ಗದ್ದೆಗೆ ನೀರು ಬಿಟ್ಟಂತೆ. ಡಾಕ್ಟರು ಹೇಳಿದ್ದು ಬೇರೆ. ಅಜ್ಜಿಯ ಹೃದಯ ದುರ್ಬಲ, ನೀರು ಹೆಚ್ಚಾಗಿದೆ, ಇನ್ನು ಸಲೈನ್ ಬೇಡ, ಬಿಟ್ಟುಬಿಡಿ ಎಂದು.

ಒಂದು ಗಂಟೆಯೊಳಗೆ ಅಜ್ಜಿಯ ಬಾಯಲ್ಲಿ ನಸುಗೆಂಪು ನೊರೆ ಬಂತು. ನಾನು ಕೂಗಿದೆ. ರೂತಮ್ಮ ಬಂದವರೇ ಮೊದಲು ಸಲೈನ್ ನಿಲ್ಲಿಸಿ, ಅಜ್ಜಿಯನ್ನು ಎತ್ತಿ ಕೂರಿಸಿ, ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿದರು. ಸಂಜೆಗೆ ಅಜ್ಜಿ ಕಾಫಿ ಕೇಳಿದರು. ನಾನು ಸ್ಟೋರ್ ರೂಮಿನಲ್ಲಿ ಅಳುತ್ತಿದ್ದೆ. ಬೈಗುಳ ಕಾದಿದ್ದ ನನಗೆ ರೂತಮ್ಮ ಬೈಯಲಿಲ್ಲ.

'ಬಿಡೋದಕ್ಕೆ ನಮ್ಮ ಭಾಷೇಲಿ ಎರಡು ಬಾಗಿಲು ಕಣೇ ಪುಷ್ಪ' ಎಂದರು. 'ಒಂದರಲ್ಲಿ ಒಳಗೆ ಹೋಗ್ತದೆ, ಒಂದರಲ್ಲಿ ಹೊರಗೆ ಹೋಗ್ತದೆ. ಇವತ್ತಿಂದ ಈ ವಾರ್ಡಲ್ಲಿ ಆ ಮಾತು ಬೇಡ. ಹಾಕಿ ಅನ್ನು, ಇಲ್ಲ ನಿಲ್ಲಿಸಿ ಅನ್ನು. ಏನಂದೆ ನಾನು?'

ಹೇಳಿದೆ. ಡಾಕ್ಟರಿಗೂ ಅವರೇ ಹೋಗಿ ಹೇಳಿದರು. ಅಂದಿನಿಂದ ಆ ವಾರ್ಡಿನಲ್ಲಿ ಯಾರೂ ಏನನ್ನೂ ಬಿಡಲಿಲ್ಲ.

ಚಿಂತಾಮಣಿಗೆ ಹೋದಾಗ ಅಲ್ಲಿ ಆ ನಿಯಮ ಇರಲಿಲ್ಲ. ಅಲ್ಲಿದ್ದದ್ದು ಮಾವಿನಕಾಯಿ. ಬೇಸಿಗೆ ಬಂತೆಂದರೆ ಮನೆ ಮನೆಯಲ್ಲೂ ಹೋಳು ಹೆಚ್ಚಿ ಉಪ್ಪು ಬೆರೆಸಿ ಜಾಡಿ ತುಂಬುವವರೇ. ಊತ ಇಳಿಸಿ ಮನೆಗೆ ಕಳಿಸಿದವರು ಉಪ್ಪಿನಕಾಯಿ ತಿಂದು ಊದಿಕೊಂಡು ಬರುತ್ತಿದ್ದರು. ಒಬ್ಬ ಯಜಮಾನರು ಆಸ್ಪತ್ರೆಯಲ್ಲೇ, ಟಿಫನ್ ಕ್ಯಾರಿಯರಿನ ಮುಚ್ಚಳದ ಒಳಮೈಗೆ ಉಪ್ಪಿನಕಾಯಿಯ ಖಾರ ಬಳಿಸಿಕೊಂಡು ತರಿಸುತ್ತಿದ್ದರು. ಹಿಡಿದಾಗ, 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ, ತಾಯಿ ಹೋಗಿ ಹತ್ತು ವರ್ಷ ಆಯ್ತು, ಇದೊಂದಾದ್ರೂ ಇರ್ಲಿ ಸಿಸ್ಟರ್' ಎಂದರು. ಇಂಥವರಿಗೆ ಏನು ಹೇಳುವುದು? ಮುಚ್ಚಳ ತೊಳೆದು ಕೊಟ್ಟೆ.

ಶಿಡ್ಲಘಟ್ಟದಲ್ಲಿ ನಾನು ಕಲಿತದ್ದು ತೂಕ. ಕಾಲಿನ ಊತ ಕಣ್ಣಿಗೆ ಮೋಸ ಮಾಡುತ್ತದೆ, ತೂಕ ಮಾಡುವುದಿಲ್ಲ. ಎರಡು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮುದ್ದೆ ತಿಂದು ಬಂದದ್ದಲ್ಲ, ನೀರು. ನಮ್ಮ ವಾರ್ಡಿನ ತೂಕದ ಯಂತ್ರ ಕೆಟ್ಟು ಕೂತಿತ್ತು, ರಿಪೇರಿಗೆ ಬರೆದ ಕಾಗದ ಎಲ್ಲೋ ಕೂತಿತ್ತು. ಹೃದಯದ ತೊಂದರೆಯಿಂದ ದಾಖಲಾಗಿದ್ದ ರೀಲರ್ ಬಾಷಾ ಸಾಹೇಬರು ಇದನ್ನು ನೋಡಿ, ಮಾರನೆಯ ದಿನ ರೇಷ್ಮೆ ನೂಲು ತೆಗೆಯುವ ತಮ್ಮ ಫಿಲೇಚರಿನಿಂದ ಗೂಡು ತೂಗುವ ತಕ್ಕಡಿಯನ್ನೇ ಆಟೋದಲ್ಲಿ ತರಿಸಿದರು.

'ಗೂಡಲ್ಲಿ ನೀರಿದ್ರೆ ತೂಕ ಸುಳ್ಳು ಹೇಳ್ತದೆ ಸಿಸ್ಟರ್' ಎಂದರು. 'ಮಾರ್ಕೆಟ್ಟಲ್ಲಿ ನಾವು ಕೈಯಲ್ಲಿ ಹಿಡಿದ್ರೇನೆ ಗೊತ್ತಾಗ್ತದೆ. ಮೈಯೂ ಹಂಗೇ ಅನ್ನಿ.'

ಎರಡು ವಾರ ನಮ್ಮ ರೋಗಿಗಳೆಲ್ಲ ರೇಷ್ಮೆಗೂಡಿನ ತಕ್ಕಡಿಯ ಮೇಲೆ ನಿಂತರು. ವಾರ್ಡಿಗೆಲ್ಲ ಹುಳುವಿನ ವಾಸನೆ. ಆದರೆ ಅಷ್ಟು ಶ್ರದ್ಧೆಯಿಂದ ತೂಕ ಬರೆದುಕೊಂಡ ರೋಗಿಗಳನ್ನು ನಾನು ಆಮೇಲೆ ನೋಡಲಿಲ್ಲ. ಹೊಸ ಹುಡುಗಿಯರೇ, ಬೆಳಿಗ್ಗೆ ಮೂತ್ರ ಮಾಡಿಸಿ, ತಿಂಡಿಗೆ ಮುಂಚೆ, ಒಂದೇ ಹೊತ್ತಿಗೆ ತೂಕ ನೋಡಿ. ಇದೊಂದು ಮಾತ್ರ ನೀವು ಕೇಳಿದ ಟಿಪ್ಸ್.

ಈಗ ಚಿಕ್ಕಬಳ್ಳಾಪುರ. ನಿವೃತ್ತಿಗೆ ಇನ್ನೊಂದು ವರ್ಷವೂ ಇರಲಿಲ್ಲ. ನಮ್ಮ ವಾರ್ಡಿಗೆ ಡಾಕ್ಟರ್ ಚೇತನ್ ಎಂಬವರು ಬಂದರು. ನನ್ನ ಸರ್ವಿಸ್‌ಗಿಂತ ಅವರ ವಯಸ್ಸು ಒಂದೆರಡು ವರ್ಷ ಹೆಚ್ಚು, ಅಷ್ಟೇ. ನಯವಾದ ಮನುಷ್ಯ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಡಾಕ್ಟರುಗಳಲ್ಲಿ ಇದು ಅಪರೂಪ.

ಆರನೇ ಮಂಚದಲ್ಲಿದ್ದವರು ವೆಂಕಟರೋಣಪ್ಪ. ಮಂಡಿಕಲ್ ಹತ್ತಿರದ ಹಳ್ಳಿಯವರು, ಸೇವಂತಿಗೆ ಬೆಳೆಯುತ್ತಿದ್ದರು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಹೃದಯ ಕುಗ್ಗಿತ್ತು. ಆಗಲೇ ಮೂರನೇ ಸಲ ದಾಖಲಾಗಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ಇರಬೇಕು. ನೀರಿಳಿಸುವ ಇಂಜೆಕ್ಷನ್ ಕೊಟ್ಟೆವು, ದುಪ್ಪಟ್ಟು ಮಾಡಿದೆವು, ಮತ್ತೆ ದುಪ್ಪಟ್ಟು ಮಾಡಿದೆವು. ಮೂತ್ರದ ಚೀಲದಲ್ಲಿ ಒಂದು ಲೋಟದಷ್ಟೂ ಸೇರಲಿಲ್ಲ. ಔಷಧಿಗೆ ಕಿಡ್ನಿ ಬಗ್ಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಕೆಳಗಿಳಿದಿತ್ತು.

ಡಾಕ್ಟರ್ ಚೇತನ್ ಒಂದು ಸಣ್ಣ ಬಾಟಲಿ ತರಿಸಿದರು. ಶೇಕಡಾ ಮೂರರ ಸಲೈನ್, ನೂರು ಎಂ.ಎಲ್. ನಾವು ದಿನಬಳಕೆಯಲ್ಲಿ ಹಾಕುವ ಸಲೈನ್‌ಗಿಂತ ಮೂರು ಪಟ್ಟಿಗೂ ಮೀರಿ ಉಪ್ಪು.

'ಸರ್, ಇದು ಯಾರಿಗೆ?' ಎಂದೆ.

'ಆರನೇ ಬೆಡ್‌ಗೆ, ಸಿಸ್ಟರ್.'

'ಆರನೇ ಬೆಡ್ ಊದ್ಕೊಂಡು ಕೂತಿದಾರೆ ಸರ್. ಇದು ಉಪ್ಪು.'

'ಗೊತ್ತು ಸಿಸ್ಟರ್. ಕೂತ್ಕೊಳಿ, ಹೇಳ್ತೀನಿ.'

ಹೇಳಿದರು. ಇವರ ಮೈಯಲ್ಲಿ ನೀರು ಬೇಕಾದಷ್ಟಿದೆ, ಆದರೆ ಅದು ರಕ್ತನಾಳದ ಹೊರಗೆ ನಿಂತಿದೆ, ಕಿಡ್ನಿಯ ಕೈಗೆ ಸಿಗುತ್ತಿಲ್ಲ. ಸ್ವಲ್ಪವೇ ಸ್ವಲ್ಪ ಗಟ್ಟಿ ಉಪ್ಪನ್ನು ನಾಳದೊಳಗೆ ಕೊಟ್ಟರೆ ಹೊರಗಿನ ನೀರು ಒಳಗೆ ಎಳೆದುಕೊಂಡು ಬರುತ್ತದೆ. ಅದೇ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ನೀರಿಳಿಸುವ ಇಂಜೆಕ್ಷನ್ ಕೊಟ್ಟರೆ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಉಪ್ಪು ಒಂದೇ ಕೊಟ್ಟರೆ ಕೇಡು, ಇಂಜೆಕ್ಷನ್ ಜೊತೆಯಲ್ಲೇ ಕೊಡಬೇಕು.

'ಎಲ್ರಿಗೂ ಮಾಡೋದಲ್ಲ ಇದು' ಎಂದೂ ಹೇಳಿದರು. 'ಎಲ್ಲ ಡಾಕ್ಟ್ರೂ ಒಪ್ಪೋದೂ ಇಲ್ಲ. ಬೇರೆ ದಾರಿ ಕಾಣದೆ ಇರೋವಾಗ, ಪಕ್ಕದಲ್ಲೇ ಕೂತು ಮಾಡ್ಬೇಕು.'

'ಹಾಗಾದ್ರೆ ಕೂತ್ಕೊಳಿ ಸರ್' ಎಂದೆ. ಆರ್ಡರನ್ನು ಅವರ ಕೈಯಲ್ಲೇ ಬರೆಸಿಕೊಂಡೆ. ಅವರು ನಕ್ಕು ಸ್ಟೂಲ್ ಎಳೆದುಕೊಂಡು ಕೂತರು. ಬಾಟಲಿ ಹಾಕಿದೆ. ಆದರೆ ಹೆದರಿದ್ದೆ. ಜೀವಮಾನವೆಲ್ಲ ಬೇಡ ಎಂದದ್ದನ್ನು ಕೈಯಾರೆ ರಕ್ತಕ್ಕೆ ಸೇರಿಸುತ್ತಿದ್ದೆ. ನರಸಮ್ಮನ ಬಾಯಿಯ ನೊರೆ ಕಣ್ಣ ಮುಂದೆ ಬಂತು.

ಅರ್ಧ ಗಂಟೆಯಲ್ಲಿ ಬಾಟಲಿ ಮುಗಿಯಿತು. ನೊರೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೀಲ ತುಂಬತೊಡಗಿತು. ಸಂಜೆಯೊಳಗೆ ಎರಡು ಸಲ ಖಾಲಿ ಮಾಡಿದೆ. ದಿನಕ್ಕೆರಡು ಬಾಟಲಿಯಂತೆ, ಸೋಡಿಯಂ ಪೊಟ್ಯಾಸಿಯಂ ನೋಡಿಕೊಳ್ಳುತ್ತ, ನಾಲ್ಕು ದಿನ ಕೊಟ್ಟೆವು. ತೂಕ ಐದು ಕೆ.ಜಿ. ಇಳಿಯಿತು. ನಾಲ್ಕನೇ ದಿನ ವೆಂಕಟರೋಣಪ್ಪ ಒಂದೇ ದಿಂಬಿಟ್ಟುಕೊಂಡು ಗೊರಕೆ ಹೊಡೆದರು. ಇಷ್ಟು ವರ್ಷದಲ್ಲಿ ಒಬ್ಬರ ಗೊರಕೆ ಕೇಳಿ ಖುಷಿಪಟ್ಟದ್ದು ಅದೊಂದೇ ಸಲ.

ಹೈಪರ್‌ಟಾನಿಕ್ ಸಲೈನ್ ಎಂಬ ಹೆಸರು ನಾಲಿಗೆಗೆ ಉದ್ದವಾಯಿತು. ಎರಡನೇ ದಿನಕ್ಕೇ ಅದು ನಮ್ಮ ಬಾಯಲ್ಲಿ ಬರೀ 'ಉಪ್ಪು' ಆಯಿತು. 'ಆರನೇ ಬೆಡ್‌ಗೆ ಉಪ್ಪು ಬಿಟ್ರಾ?' 'ಹತ್ತು ಗಂಟೆಗೆ ಬಿಟ್ಟಾಯ್ತು.' 'ಸಂಜೇದು ನೀವು ಬಿಡಿ.' ರೂತಮ್ಮನ ನಿಯಮ ನನಗೆ ನೆನಪಿರಲಿಲ್ಲ ಎನ್ನಲಾರೆ. ನೆನಪಿತ್ತು, ಹಳೆಯ ಕಾಲದ್ದು ಎಂದುಕೊಂಡಿದ್ದೆ. ಈಗ ಎಲ್ಲ ಬರವಣಿಗೆಯಲ್ಲೇ ಇರುತ್ತದಲ್ಲ ಎಂಬ ಧೈರ್ಯ.

ಈ ಮಾತುಗಳನ್ನೆಲ್ಲ ಮಂಚದ ಪಕ್ಕ ಕೂತು ಕೇಳುತ್ತಿದ್ದವರು ವೆಂಕಟರೋಣಪ್ಪನವರ ಹೆಂಡತಿ ಗಂಗರತ್ನಮ್ಮ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಎರಡು ವರ್ಷದಿಂದ ಗಂಡನಿಗೆ ಸಪ್ಪೆ ಅಡುಗೆ ಬೇರೆ ಮಾಡಿಟ್ಟ ಹೆಂಗಸು. ಎರಡನೇ ದಿನ ಕೇಳಿದರು: 'ಆ ಸಣ್ಣ ಬಾಟ್ಲು ಏನು ಸಿಸ್ಟರ್? ಅದು ಹಾಕಿದ ಮೇಲೇ ಇವ್ರಿಗೆ ನೀರು ಇಳೀತಿರೋದು.'

'ಅದು ಉಪ್ಪು, ಗಂಗರತ್ನಮ್ಮ.'

'ಉಪ್ಪಾ? ಊತಕ್ಕೆ ಉಪ್ಪು ಬಿಡೋದಾ?'

ನನಗೆ ಚಿಂತಾಮಣಿ ನೆನಪಾಯಿತು. 'ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ರೆ ನೀರು ಬಿಡ್ತದಲ್ಲ, ಹಂಗೇನೆ. ಮೈಯಲ್ಲಿ ನಿಂತಿರೋ ನೀರನ್ನ ಉಪ್ಪು ಎಳೀತದೆ' ಎಂದೆ. ಅವರ ಮುಖ ಅರಳಿತು. ಪಕ್ಕದಲ್ಲಿದ್ದ ಡಾಕ್ಟರ್ ಚೇತನ್, 'ಎಷ್ಟು ಚೆನ್ನಾಗಿ ಹೇಳಿದ್ರಿ ಸಿಸ್ಟರ್' ಎಂದರು. ನಾನು ಬೀಗಿದೆ. ಇಂಜೆಕ್ಷನ್ ಇಲ್ಲದೆ ಉಪ್ಪು ಕೇಡು ಎಂಬ ಅರ್ಧವನ್ನು ನಾನು ಹೇಳಲೇ ಇಲ್ಲ.

ಮನೆಗೆ ಕಳಿಸುವ ದಿನ ಒಟ್ಟು ಮೂವರು ಹೊರಡುವವರಿದ್ದರು. ಮಾತ್ರೆಗಳ ಹೊತ್ತು ಹೇಳಿದೆ, ತೂಕ ಬರೆದಿಡಲು ಹೇಳಿದೆ, ಕೊನೆಗೆ ನನ್ನ ಹಳೆಯ ಮಾತು ತಾನಾಗಿ ಬಂತು: 'ಮನೇಲಿ ಉಪ್ಪು ಬಿಡಿ ಗಂಗರತ್ನಮ್ಮ, ಮರೀಬೇಡಿ.'

'ಬಿಡ್ತೀನಿ ಸಿಸ್ಟರ್. ಬಿಡದೇ ಇರ್ತೀನಾ' ಎಂದರು ಅವರು.

ನನ್ನ ಮಾತನ್ನೇ ನನಗೆ ಮರಳಿಸಿದರು. ಅದು ಉತ್ತರವಲ್ಲ ಎಂದು ನನಗೆ ಹೊಳೆಯಲಿಲ್ಲ. ಗಿಣಿಯೂ ಹೇಳುತ್ತದೆ.

ಒಂಬತ್ತನೇ ದಿನ ವೆಂಕಟರೋಣಪ್ಪನವರನ್ನು ಆಂಬ್ಯುಲೆನ್ಸಿನಿಂದ ಇಳಿಸಿದರು. ತುಟಿ ನೀಲಿ, ಕಾಲು ಕಂಬ. ತೂಕ ಏಳು ಕೆ.ಜಿ. ಏರಿತ್ತು. ಡಾಕ್ಟರ್ ಚೇತನ್ ಗಂಗರತ್ನಮ್ಮನನ್ನು ಕೇಳಿದರು: 'ಮಾತ್ರೆ ಎಲ್ಲ ಕೊಟ್ರಾ ಅಮ್ಮ?'

'ಒಂದೂ ತಪ್ಪಿಸಿಲ್ಲ ಸರ್.'

'ಉಪ್ಪು?'

'ಬಿಟ್ಟಿದೀನಿ ಸರ್. ಬಂದ ದಿನದಿಂದಾನೂ ಬಿಟ್ಟಿದೀನಿ.'

ಡಾಕ್ಟರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಮಾತ್ರೆ ಸರಿಯಾಗಿದೆ, ಉಪ್ಪು ನಿಲ್ಲಿಸಿದ್ದಾರೆ, ಹಾಗಾದರೆ ಇದು ಹೃದಯಕ್ಕೆ ಹೊಸ ಪೆಟ್ಟೇ ಇರಬೇಕು ಎಂದು ಇ.ಸಿ.ಜಿ., ಎಕೋ, ಥೈರಾಯ್ಡ್, ಕಿಡ್ನಿ ಎಲ್ಲ ಪರೀಕ್ಷೆ ಮಾಡಿಸಿದರು. ಹೊಸದೇನೂ ಸಿಗಲಿಲ್ಲ. ಇಂಜೆಕ್ಷನ್‌ಗೆ ಮತ್ತೆ ಕಿಡ್ನಿ ಬಗ್ಗಲಿಲ್ಲ. ಕಾರಣ ತಿಳಿಯದೆ ಒಂದು ಇಡೀ ದಿನ ಕಳೆಯಿತು. ಆ ಒಂದು ದಿನದಲ್ಲಿ ಮನುಷ್ಯ ಹೋಗಿಬಿಡಬಹುದಿತ್ತು.

ಮಾರನೆಯ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಆರನೇ ಮಂಚಕ್ಕೆ ಹೋದೆ. ಗಂಗರತ್ನಮ್ಮ ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು, ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತಿದ್ದರು. ನನ್ನನ್ನು ನೋಡಿ ತಪ್ಪು ಮಾಡಿದವರಂತೆ, 'ಬೆಳಗ್ಗೇದು ಇನ್ನೂ ಉಪ್ಪು ಬಿಟ್ಟಿಲ್ಲ ಸಿಸ್ಟರ್, ಗಡಿಬಿಡೀಲಿ ಆಗ್ಲಿಲ್ಲ. ಈಗ ಬಿಡ್ತಿದೀನಿ' ಎಂದರು.

ನಾನು ಲೋಟ ಇಸಿದುಕೊಂಡು ಬೆರಳದ್ದಿ ನೆಕ್ಕಿದೆ. ಬರೀ ಉಪ್ಪು.

'ಎಷ್ಟು ಹಾಕಿದೀರಿ?'

'ಒಂದೊಂದು ಚಮಚ, ಎರಡು ಹೊತ್ತು. ನೀವು ಇಲ್ಲಿ ಎರಡು ಹೊತ್ತು ತಾನೇ ಬಿಡ್ತಿದ್ರಿ? ಊಟಕ್ಕೆ ಉಪ್ಪಿನಕಾಯೂ ಕೊಟ್ಟೆ. ಎರಡು ವರ್ಷ ಆದ್ಮೇಲೆ ಇವ್ರು ರುಚಿ ನೋಡಿ ಊಟ ಮಾಡಿದ್ರು ಸಿಸ್ಟರ್. ನೀರು ಮಾತ್ರ ತುಂಬಾ ಕುಡೀತಿದ್ರು.'

ನನ್ನ ಹಿಂದೆ ನಿಂತಿದ್ದ ಕಿರಿಯ ಸಿಸ್ಟರ್ ಸಿಡಿದಳು: 'ಅಲ್ಲಮ್ಮ, ಹಾರ್ಟ್ ಪೇಷೆಂಟ್‌ಗೆ ಯಾರಾದ್ರೂ ಉಪ್ಪು ಕೊಡ್ತಾರಾ? ಉಪ್ಪು ಬಿಡಿ ಅಂತ ಹೇಳಿರ್ಲಿಲ್ವಾ?'

'ಹೇಳಿದ್ರು. ಅದಕ್ಕೇ ಬಿಟ್ಟೆ' ಎಂದರು ಗಂಗರತ್ನಮ್ಮ. ಅವರ ಕಣ್ಣು ನನ್ನ ಮೇಲಿತ್ತು.

ಅಲ್ಲಿ ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಹಳ್ಳಿಯವರು, ಹೇಳಿದ್ದು ತಿಳಿಯಲಿಲ್ಲ ಎಂದು ಬರೆದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಆ ವಾಕ್ಯವನ್ನು ನಾನೇ ಎಷ್ಟೋ ಜನರ ಹಾಳೆಯ ಮೇಲೆ ಬರೆದಿದ್ದೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಈ ಸಲ ಉಪ್ಪು ತಿಂದವಳು ನಾನು. ಕಿರಿಯ ಸಿಸ್ಟರನ್ನು ಸುಮ್ಮನಿರಿಸಿ, ಡಾಕ್ಟರನ್ನು ಕರೆಸಿ, ಅವರೆದುರಿಗೇ ಹೇಳಿದೆ: 'ತಪ್ಪು ಇವರದಲ್ಲ ಸರ್. ನಾನು ಆಡಿದ ಮಾತಿಂದು. ನಾಲ್ಕು ದಿನ ಇವರ ಮುಂದೆ ಉಪ್ಪು ಬಿಡಿ, ಉಪ್ಪು ಬಿಡಿ ಅಂತ ಬಾಟ್ಲು ಹಾಕಿದೀವಿ. ಅದೇ ಮಾತಲ್ಲಿ ಮನೆಗೂ ಕಳಿಸಿದೀನಿ.' ನರ್ಸ್ ನೋಟ್ಸ್‌ನಲ್ಲೂ ಹಾಗೆಯೇ ಬರೆದು ಸಹಿ ಹಾಕಿದೆ. ನಾಚಿಕೆಯಿಂದ ಮುಖ ಉರಿಯುತ್ತಿತ್ತು.

ಡಾಕ್ಟರ್ ಚೇತನ್ ಆ ನೋಟ್ಸ್ ಓದಿದರು. ಆಮೇಲೆ ರಕ್ತದ ವರದಿ ತೋರಿಸಿದರು. ಉಪ್ಪಿಗಿಂತ ಹೆಚ್ಚು ನೀರು ಕುಡಿದದ್ದರಿಂದ ಸೋಡಿಯಂ ಮತ್ತೆ ಕೆಳಗಿತ್ತು. 'ಇಂಜೆಕ್ಷನ್ ಒಂದರಲ್ಲೇ ಆಗ್ತಿಲ್ಲ ಸಿಸ್ಟರ್. ತ್ರೀ ಪರ್ಸೆಂಟೇ ಮತ್ತೆ ಕೊಡ್ಬೇಕು' ಎಂದರು.

ಗಂಗರತ್ನಮ್ಮ ಮಂಚಕ್ಕೆ ಅಡ್ಡ ನಿಂತರು. ಅಷ್ಟರಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು, ತನ್ನ ಕೈಯಿಂದಲೇ ಗಂಡನಿಗೆ ಏನು ಕೊಟ್ಟೆ ಎಂಬುದೂ ಸೇರಿದಂತೆ. 'ಉಪ್ಪು ವದ್ದು, ಉಪ್ಪು ವದ್ದು' ಎಂದರು. ಹೆದರಿಕೆಯಲ್ಲಿ ಬಾಯಿಗೆ ತೆಲುಗೇ ಬಂದಿತ್ತು. 'ನನ್ನ ಕೈಯಾರೆ ಕೊಂದಂಗಾಯ್ತು. ಇನ್ನು ಒಂದು ಕಲ್ಲು ಉಪ್ಪೂ ಬೇಡ.'

ಇಂಜೆಕ್ಷನ್ ಜೊತೆ, ನಾಳದೊಳಗೆ, ಅಳತೆ ಮಾಡಿ, ಅರ್ಧ ಗಂಟೆಯಲ್ಲಿ, ನಾವು ಪಕ್ಕದಲ್ಲಿ ಕೂತು ಕೊಡುವ ಉಪ್ಪೇ ಬೇರೆ, ಬಾಯಲ್ಲಿ ಹೋಗುವ ಉಪ್ಪೇ ಬೇರೆ ಎಂದು ನಾನು ಹೇಳಿದೆ. ಮೊದಲ ಸಲವೇ ಹೇಳಬೇಕಾಗಿದ್ದ ಅರ್ಧ ಅದು.

'ನಿಮ್ಮ ಮಾತು ನಂಬಿ ತಾನೇ ಸಿಸ್ಟರ್ ಇಷ್ಟಾಗಿದ್ದು?' ಎಂದರು. ಬೈಗುಳದ ಧ್ವನಿ ಅಲ್ಲ, ಕೇಳಿದರು ಅಷ್ಟೇ. ನಾಲ್ಕು ಊರುಗಳಲ್ಲಿ ಎಷ್ಟೋ ರೋಗಿಗಳ ಕಡೆಯವರ ಜೊತೆ ವಾದ ಮಾಡಿ ಗೆದ್ದವಳು ಅಲ್ಲಿ 'ಹೌದು' ಎಂದಷ್ಟೇ ಹೇಳಿದೆ.

ಆಗ ಮಂಚದಲ್ಲಿ ಕೂತು ಏದುಸಿರು ಬಿಡುತ್ತಿದ್ದ ವೆಂಕಟರೋಣಪ್ಪ ಮಾಸ್ಕ್ ಸರಿಸಿ ಕೈ ಚಾಚಿದರು. ಚಾಚಿದ್ದು ನನ್ನ ಕಡೆಗೆ, ಸೂಜಿಯಿದ್ದ ಕೈ.

'ತಪ್ಪು ಅಂತ ಒಪ್ಕೊಂಡ್ರಲ್ಲ' ಎಂದರು ಹೆಂಡತಿಗೆ, ಒಂದೊಂದೇ ಮಾತಾಗಿ. 'ಇನ್ನು ಸುಳ್ಳು ಹೇಳಲ್ಲ. ಬಿಡ್ಲಿ ಬಿಡೇ.'

ಗಂಗರತ್ನಮ್ಮ ಪಕ್ಕಕ್ಕೆ ಸರಿದರು. ಡಾಕ್ಟರು ಸ್ಟೂಲ್ ಎಳೆದುಕೊಂಡರು. ಬಾಟಲಿ ಹಾಕಿದೆ. ಮೂತ್ರ ಇಳಿಯಲು ಆ ಸಲ ಸಂಜೆಯವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತೂ ಗಂಗರತ್ನಮ್ಮ ಚೀಲವನ್ನೇ ನೋಡುತ್ತಿದ್ದರು, ನಾನೂ ಅದನ್ನೇ ನೋಡುತ್ತಿದ್ದೆ. ನನ್ನ ಡ್ಯೂಟಿ ಎರಡಕ್ಕೇ ಮುಗಿದಿತ್ತು. ಐದು ದಿನಕ್ಕೆ ಹಳೆಯ ತೂಕಕ್ಕೆ ಬಂದರು.

ನರ್ಸಿಂಗ್ ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿ, 'ರಿಟೈರ್ ಆಗೋಕೆ ಎಂಟು ತಿಂಗಳಿದೆ. ಕೈಯಾರೆ ಯಾಕಮ್ಮ ಬರ್ಕೊಂಡ್ರಿ?' ಎಂದರು. ಒಂದು ಮೆಮೊ ಬಂತು, ವಿವರಣೆ ಕೊಟ್ಟೆ. ಅದರಿಂದ ಬೇರೇನೂ ಆಗಲಿಲ್ಲ. ನಮ್ಮ ವಾರ್ಡಿನಲ್ಲಿ ಆಗಿದ್ದು ಒಂದೇ: ರೂತಮ್ಮನ ನಿಯಮ ಗೋಡೆಯ ಮೇಲೆ ಬಂತು. ಹಾಕಿ ಅನ್ನಿ, ನಿಲ್ಲಿಸಿ ಅನ್ನಿ, ತಿನ್ನಬಾರದು ಅನ್ನಿ. ಅದರ ಕೆಳಗೆ ತೆಲುಗಿನಲ್ಲೂ ಬರೆಸಿದೆ.

ಎರಡನೇ ಸಲ ಮನೆಗೆ ಹೊರಟಾಗ ನಾನು ಗಂಗರತ್ನಮ್ಮನನ್ನು ಎದುರಿಗೆ ಕೂರಿಸಿಕೊಂಡು, ಎಲ್ಲ ಹೇಳಿ, 'ಏನಂದೆ ನಾನು? ಈಗ ನಿಮ್ಮ ಮಾತಲ್ಲಿ ಹೇಳಿ' ಎಂದೆ.

'ಉಪ್ಪಿನ ಡಬ್ಬಿ ಮೇಲಿನ ಅಟ್ಟಕ್ಕೆ. ಉಪ್ಪಿನಕಾಯಿ ಜಾಡಿ ತಂಗಿ ಮನೆಗೆ. ಇವರ ಬಾಯಿಗೆ ಉಪ್ಪು ಹೋಗಬಾರ್ದು' ಎಂದರು.

ಆಮೇಲೆ ಪ್ರತಿ ತಿಂಗಳೂ ತಪಾಸಣೆಗೆ ಬಂದಾಗ ನನ್ನ ಮುಂದೆ ನಿಂತು, ನಾನು ಕೇಳುವ ಮೊದಲೇ ಅದನ್ನು ಒಪ್ಪಿಸುತ್ತಿದ್ದರು. ವೆಂಕಟರೋಣಪ್ಪ ಹಿಂದೆ ನಿಂತು ನಗುತ್ತಿದ್ದರು. ಒಂದೂವರೆ ವರ್ಷ ಅವರು ಹೂವಿನ ಕೆಲಸ ನೋಡಿಕೊಂಡರು, ಒಂದು ದೀಪಾವಳಿಗೆ ಸೇವಂತಿಗೆ ಕಳಿಸಿದರು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಗಂಗರತ್ನಮ್ಮನ ಫೋನ್ ಬಂತು. ಮೊನ್ನೆ ತೋಟದಿಂದ ಬಂದು, ಕೈಕಾಲು ತೊಳೆದು, ಜಗುಲಿಯಲ್ಲಿ ಕೂತವರು ಹಾಗೆಯೇ ಒರಗಿದರಂತೆ. ಊತ ಇರಲಿಲ್ಲ, ಉಸಿರು ಕಟ್ಟಲಿಲ್ಲ. ತೂಕದ ಪುಸ್ತಕದಲ್ಲಿ ಅಂದಿನ ಬೆಳಗಿನ ತೂಕ ಬರೆದಿತ್ತು ಎಂದರು. ನಾನು ಹೇಳಬೇಕಾದ ಮಾತು ಹೇಳಿದೆ. ಅವರು ಫೋನ್ ಇಡಲಿಲ್ಲ.

'ನಾಳೆ ಹಾಲುತುಪ್ಪ ಬಿಡ್ತೀವಿ ಸಿಸ್ಟರ್' ಎಂದರು. 'ಅವರಿಗೆ ಇಷ್ಟ ಆದದ್ದೆಲ್ಲ ಮಾಡಿ ಎಡೆ ಇಡ್ಬೇಕು. ಹುಳಿ, ಮುದ್ದೆ, ಮಾವಿನಕಾಯಿ ಉಪ್ಪಿನಕಾಯಿ.' ಆಮೇಲೆ ಅವರೇ ಕೇಳಿದರು: 'ಅದಕ್ಕೆ ಕೇಳೋಣ ಅಂತ ಫೋನ್ ಮಾಡ್ದೆ. ಇನ್ನು ಉಪ್ಪು ಹಾಕಬಹುದಾ?'

ಆ ಕಡೆ ಅವರು ಕಾಯುತ್ತಿದ್ದರು, ವಾರ್ಡಿನಲ್ಲಿ ಕಾಯುತ್ತಿದ್ದ ಹಾಗೆಯೇ.

'ಹಾಕಿ ಗಂಗರತ್ನಮ್ಮ' ಎಂದೆ. 'ಅವರಿಗೆ ಎಷ್ಟು ಬೇಕಿತ್ತೋ ಅಷ್ಟೂ ಹಾಕಿ.'

ನಾನು ಕೇಳಲಿಲ್ಲ, ಅಭ್ಯಾಸಬಲದಿಂದ ಅವರೇ ಒಪ್ಪಿಸಿದರು.

'ಅಟ್ಟದ ಮೇಲಿಂದ ಉಪ್ಪಿನ ಡಬ್ಬಿ ಇಳಿಸ್ಬೇಕು. ತಂಗಿ ಮನೆಯಿಂದ ಜಾಡಿ ತರಿಸ್ಬೇಕು. ನಾಳೆ ಅವರು ಉಪ್ಪು ತಿನ್ನಬಹುದು.'